ಮರುಚಾಲನೆ ಮದ್ದಲ್ಲ

ಯಂತ್ರಗಳಿಗೆ ಬರುವ ಕೇಡುಗಳಲ್ಲಿ ಎರಡು ಬಗೆಗಳುಂಟು. ಕೆಲವು ಒಡನೆಯೇ ಕಾಣಿಸಿಕೊಳ್ಳುತ್ತವೆ: ಗುಂಡಿಯನ್ನೊತ್ತಿದರೆ ದೀಪ ಹೊತ್ತುವುದಿಲ್ಲ, ಲೆಕ್ಕ ಕೊಟ್ಟರೆ ಉತ್ತರ ತಪ್ಪುತ್ತದೆ. ಇಂಥವುಗಳಿಂದ ಹೆಚ್ಚಿನ ಅಪಾಯವಿಲ್ಲ. ಏಕೆಂದರೆ ಅವು ತಮ್ಮ ಇರವನ್ನು ತಾವೇ ಸಾರುತ್ತವೆ. ಇನ್ನು ಕೆಲವು ಕೇಡುಗಳು ಗೆದ್ದಲಿನಂತೆ. ಹೊರಗಿನಿಂದ ನೋಡಿದರೆ ತೊಲೆ ನೆಟ್ಟಗೆ ನಿಂತಿರುತ್ತದೆ, ಬಣ್ಣವೂ ಮಾಸಿರುವುದಿಲ್ಲ. ಒಂದು ದಿನ ಮಾತ್ರ ಮಾಡು ಕುಸಿದು ಬೀಳುತ್ತದೆ. ಗಣಕಯಂತ್ರಗಳ ಲೋಕದಲ್ಲಿ ಈ ಎರಡನೆಯ ಬಗೆಗೆ ಸೇರಿದ ಕೇಡೊಂದನ್ನು ಮೆಮರಿ ಲೀಕ್ ಎನ್ನುತ್ತಾರೆ. ನಾವು ಅದನ್ನು ಸ್ಮೃತಿಸೋರಿಕೆ ಎಂದು ಕರೆಯೋಣ. ಈ ಕೇಡಿಗೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಚಿಕಿತ್ಸೆ ಒಂದೇ: ಯಂತ್ರವನ್ನು ಆರಿಸಿ ಮತ್ತೆ ಚಾಲನೆಗೊಳಿಸುವುದು. ಇದು ನಿಜವಾದ ಚಿಕಿತ್ಸೆಯಲ್ಲವೆಂಬುದನ್ನೂ, ಸೋರಿಕೆಯ ಮೂಲವನ್ನು ಹುಡುಕುವ ವಿದ್ಯೆಯು ಭೌತವಿಜ್ಞಾನದ ಪ್ರಯೋಗವಿದ್ಯೆಗೆ ತೀರ ಹತ್ತಿರದ್ದಾದುದರಿಂದ ಅದನ್ನು ನಮ್ಮ ಕಾಲೇಜುಗಳಲ್ಲಿ ಕೈಯಾರೆ ಮಾಡಿಸಿ ಕಲಿಸತಕ್ಕದ್ದೆಂಬುದನ್ನೂ ವಿದ್ಯಾರ್ಥಿಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಮಾತು ಸ್ಪಷ್ಟವಾಗಬೇಕಾದರೆ ಒಂದು ನಿರ್ದಿಷ್ಟ ಉದಾಹರಣೆ ಬೇಕು. ಯಂತ್ರವು ತನ್ನದೇ ಆದ ಸಂಕೇತಭಾಷೆಯನ್ನಲ್ಲದೆ ಬೇರೇನನ್ನೂ ಅರಿಯದು. ನಾವು ಬರೆದ ಆಜ್ಞೆಗಳನ್ನು ಒಂದೊಂದಾಗಿ ಓದಿ, ಅದಕ್ಕೆ ತಿಳಿಯುವಂತೆ ನಡೆಸಿಕೊಡುವ ಕ್ರಮವಿಧಿಗೆ ಇಂಟರ್‌ಪ್ರಿಟರ್ ಎಂದು ಹೆಸರು. ಇದು ಯಂತ್ರದೊಳಗಣ ದುಭಾಷಿ. ಈ ದುಭಾಷಿಯನ್ನು ಬೇರೊಂದು ದೊಡ್ಡ ತಂತ್ರಾಂಶದ ಹೊಟ್ಟೆಯಲ್ಲೋ, ಸಣ್ಣದೊಂದು ಸಾಧನದ ಒಳಗೋ ಕೂರಿಸಿದಾಗ ಅದನ್ನು ಅಂತರ್ಗತ ದುಭಾಷಿ ಎನ್ನಬಹುದು. ೨೦೨೧ರ ಡಿಸೆಂಬರ್ ೨೫ರಂದು ಗಗನಕ್ಕೇರಿದ ಜೇಮ್ಸ್ ವೆಬ್ ದೂರದರ್ಶಕದಲ್ಲಿ ವೀಕ್ಷಣೆಗಳನ್ನು ನಡೆಸುವ ಆಜ್ಞೆಗಳು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿವೆ. ಅವುಗಳನ್ನು ಓದುವ ದುಭಾಷಿ ಭೂಮಿಯಿಂದ ಸುಮಾರು ೧೫ ಲಕ್ಷ ಕಿಲೋಮೀಟರ್ ದೂರದಲ್ಲಿ ಕುಳಿತಿದೆ. ಅಲ್ಲಿಗೆ ಹೋಗಿ ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸುವವರು ಯಾರೂ ಇಲ್ಲ.

ಇಂಥ ಕೆಲಸಕ್ಕೆಂದೇ ಹುಟ್ಟಿದ ಭಾಷೆಗಳಲ್ಲಿ ಲುವಾ ಪ್ರಸಿದ್ಧವಾದುದು. ಪೋರ್ಚುಗೀಸ್ ಭಾಷೆಯಲ್ಲಿ ಈ ಪದಕ್ಕೆ ಚಂದ್ರ ಎಂದರ್ಥ. ೧೯೯೩ರಲ್ಲಿ ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯದಲ್ಲಿ ರಾಬರ್ಟೊ ಇಯೆರುಸಲಿಂಸ್ಕಿ, ಲೂಯಿಸ್ ಹೆನ್ರಿಕೆ ಡಿ ಫಿಗೆರೆಡೊ ಮತ್ತು ವಾಲ್ಡೆಮರ್ ಸೆಲೆಸ್ ಎಂಬ ಮೂವರು ಇದನ್ನು ರೂಪಿಸಿದರು. ೨೦೧೩ರಿಂದ ವಿಕಿಪೀಡಿಯದ ಪುಟಗಳ ಹಿಂದೆಯೂ ಲುವಾದಲ್ಲಿ ಬರೆದ ಘಟಕಗಳು ಕೆಲಸ ಮಾಡುತ್ತಿವೆ. ಕನ್ನಡ ವಿಕಿಪೀಡಿಯವೂ ಇದಕ್ಕೆ ಹೊರತಲ್ಲ. ನಮ್ಮ ಉದಾಹರಣೆಗೆ ಬೇಕಾದುದು ಇದಕ್ಕಿಂತ ಬಹಳ ಚಿಕ್ಕದು. ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಇಎಸ್‌ಪಿ೮೨೬೬ ಎಂಬ ಚಿಪ್ಪಿನ ಮೇಲೆ ಲುವಾ ದುಭಾಷಿಯನ್ನು ಕೂರಿಸುವ ನೋಡ್‌ಎಂಸಿಯು ಎಂಬ ಯೋಜನೆ ೨೦೧೪ರಲ್ಲಿ ಪ್ರಾರಂಭವಾಯಿತು. ಉಷ್ಣತೆಯನ್ನೂ ತೇವಾಂಶವನ್ನೂ ಅಳೆದು ವೈಫೈ ಮೂಲಕ ತಿಳಿಸುವ ಸಾಧನಗಳನ್ನು ವಿದ್ಯಾರ್ಥಿಗಳು ಇದರಿಂದ ಕಟ್ಟುವುದುಂಟು. ನಮ್ಮ ಕ್ರಮವಿಧಿಗೆ ಇದರಲ್ಲಿ ಉಳಿಯುವ ಸ್ಮೃತಿ ಸುಮಾರು ೪೦ ಕಿಲೋಬೈಟುಗಳು ಮಾತ್ರ. ಈ ಲೇಖನವನ್ನು ಅದರಲ್ಲಿ ಅಚ್ಚುಮಾಡಿಟ್ಟರೆ ಹಿಡಿಸುವುದೇ ಕಷ್ಟವೆಂದ ಮೇಲೆ, ಅಲ್ಲಿ ಒಂದೊಂದು ಬೈಟಿಗೂ ಬೆಲೆಯುಂಟೆಂಬುದು ಸ್ಪಷ್ಟ.

ಸ್ಮೃತಿಯನ್ನು ಒಂದು ಛತ್ರವೆಂದು ಭಾವಿಸೋಣ. ಕೋಣೆಗಳ ಸಂಖ್ಯೆ ನಿಶ್ಚಿತವಾದುದು. ಬಂದ ಯಾತ್ರಿಕನಿಗೆ ಪಾರುಪತ್ಯಗಾರನು ಒಂದು ಕೋಣೆಯ ಬೀಗದ ಕೈ ಕೊಡುತ್ತಾನೆ. ಹೊರಡುವಾಗ ಅದನ್ನು ಹಿಂದಿರುಗಿಸುವುದು ಯಾತ್ರಿಕನ ಹೊಣೆ. ಅವನು ಮರೆತು ಬೀಗದ ಕೈಯೊಡನೆ ಊರಿಗೆ ಹೋದರೆ ಕೋಣೆಯೇನೋ ಬರಿದಾಗಿರುತ್ತದೆ. ಆದರೆ ಮತ್ತೊಬ್ಬನಿಗೆ ಅದು ದೊರೆಯದು. ಸೋರಿಕೆ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸತಕ್ಕದ್ದು. ಇಲ್ಲಿ ಹೊರಕ್ಕೆ ಹರಿದುಹೋಗುವುದೇನೂ ಇಲ್ಲ. ಕೋಣೆಗಳೆಲ್ಲ ಇದ್ದಲ್ಲಿಯೇ ಇರುತ್ತವೆ; ಅವುಗಳ ಉಪಯೋಗ ಮಾತ್ರ ಇಲ್ಲವಾಗುತ್ತದೆ. ಎಲ್ಲ ಕೋಣೆಗಳೂ ಹೀಗೆ ಬಂದ್ ಆದ ದಿನ ಹೊಸ ಯಾತ್ರಿಕನಿಗೆ ಸ್ಥಳವಿಲ್ಲದೆ ಛತ್ರದ ವ್ಯವಹಾರ ನಿಂತುಹೋಗುತ್ತದೆ.

ಸಿ ಮುಂತಾದ ಭಾಷೆಗಳಲ್ಲಿ ಬೀಗದ ಕೈಯನ್ನು ಹಿಂದಿರುಗಿಸುವ ಹೊಣೆ ಇಂದಿಗೂ ಕ್ರಮವಿಧಿಯನ್ನು ಬರೆಯುವವನದೇ. ಈ ಹೊಣೆಯನ್ನು ಯಂತ್ರಕ್ಕೇ ವಹಿಸುವ ಎರಡು ಉಪಾಯಗಳು ೧೯೬೦ನೆಯ ಇಸವಿಯಲ್ಲಿ ಪ್ರಕಟವಾದವು. ಒಂದು ಲಿಸ್ಪ್ ಭಾಷೆಯನ್ನು ಸೃಷ್ಟಿಸಿದ ಜಾನ್ ಮೆಕಾರ್ಥಿಯವರದು. ಇದರಂತೆ ಪಾರುಪತ್ಯಗಾರನು ತನ್ನ ಮೇಜಿನ ಮೇಲಿರುವ ಬೀಗದ ಕೈಗಳಿಂದ ಹೊರಡುತ್ತಾನೆ. ಅವುಗಳಿಂದ ತೆರೆದ ಕೋಣೆಗಳಲ್ಲಿ ಬೇರೆ ಕೋಣೆಗಳ ಬೀಗದ ಕೈಗಳು ಸಿಕ್ಕಿದರೆ ಅವನ್ನೂ ತೆರೆದು ನೋಡುತ್ತಾನೆ. ಹೀಗೆ ತಲಪಲು ಸಾಧ್ಯವಾದ ಬಾಗಿಲುಗಳಿಗೆಲ್ಲ ಸುಣ್ಣದ ಗುರುತು ಹಾಕಿ, ಗುರುತಿಲ್ಲದ ಕೋಣೆಗಳನ್ನು ಗುಡಿಸಿ ಬರಿದು ಮಾಡುತ್ತಾನೆ. ಎರಡನೆಯದು ಜಾರ್ಜ್ ಕಾಲಿನ್ಸರದು. ಇದರಲ್ಲಿ ಪ್ರತಿಯೊಂದು ಕೋಣೆಗೂ ಎಷ್ಟು ಬೀಗದ ಕೈಗಳು ಹೊರಗಿವೆಯೆಂಬುದನ್ನು ಎಣಿಸುತ್ತಿರುತ್ತಾರೆ. ಎಣಿಕೆ ಸೊನ್ನೆಯಾದೊಡನೆ ಕೋಣೆ ಬಿಡುವಾಯಿತೆಂದು ಲೆಕ್ಕ. ಇದು ಸರಳವಾದುದೇ. ಆದರೆ ಮೊದಲನೆಯ ಕೋಣೆಯಲ್ಲಿ ಎರಡನೆಯದರ ಬೀಗದ ಕೈಯೂ, ಎರಡನೆಯದರಲ್ಲಿ ಮೊದಲನೆಯದರ ಬೀಗದ ಕೈಯೂ ಸಿಕ್ಕಿಕೊಂಡರೆ, ಆ ಜೋಡಿ ಯಾರಿಗೂ ಬೇಡವಾದರೂ ಎರಡರ ಎಣಿಕೆಯೂ ಸೊನ್ನೆಗೆ ಇಳಿಯದು. ಲುವಾ ಅನುಸರಿಸುವುದು ಮೆಕಾರ್ಥಿಯವರ ಮಾರ್ಗವನ್ನು. ಆದುದರಿಂದ ಇಂಥ ಜೋಡಿಗಳು ಅದನ್ನು ಬಾಧಿಸುವುದಿಲ್ಲ.

ಹಾಗಾದರೆ ಲುವಾದಲ್ಲಿ ಸೋರಿಕೆಯೇ ಇರಬಾರದಷ್ಟೆ? ಹಾಗೆಂದು ನಂಬಿದವರೇ ಹೆಚ್ಚು ಮೋಸಹೋಗುತ್ತಾರೆ. ಗುಡಿಸುವವನು ಕೇಳಬಲ್ಲ ಪ್ರಶ್ನೆ ಒಂದೇ: ಈ ಕೋಣೆಯನ್ನು ತಲಪಲು ಸಾಧ್ಯವೆ? ಈ ಕೋಣೆಯಿಂದ ಮುಂದೆ ಉಪಯೋಗವುಂಟೆ ಎಂಬ ಪ್ರಶ್ನೆ ಅವನ ಅಳವಿಗೆ ಮೀರಿದುದು. ತಲಪಬಹುದಾದರೂ ಬೇಡವಾದ ವಸ್ತುಗಳು ಅವನ ದೃಷ್ಟಿಯಲ್ಲಿ ಬೇಕಾದವುಗಳೇ.

ನೋಡ್‌ಎಂಸಿಯು ಬಳಸುವವರಿಗೆ ಚೆನ್ನಾಗಿ ಪರಿಚಿತವಾದ ಒಂದು ಸಂದರ್ಭವನ್ನು ನೋಡೋಣ. ಹೊರಗಿನ ಗಣಕವೊಂದು ನಮ್ಮ ಸಾಧನವನ್ನು ಸಂಪರ್ಕಿಸಿದಾಗಲೆಲ್ಲ ಸಾಕೆಟ್ ಎಂಬ ಹೊಸ ವಸ್ತು ಹುಟ್ಟುತ್ತದೆ. ‘ಉತ್ತರವನ್ನು ಕಳುಹಿಸಿ ಮುಗಿದ ಮೇಲೆ ಸಂಪರ್ಕವನ್ನು ಮುಚ್ಚು’ ಎಂಬಂಥ ಒಂದು ಕಾರ್ಯವನ್ನು ನಾವು ಅದಕ್ಕೆ ಕಟ್ಟಿಡುತ್ತೇವೆ. ಈ ಕಾರ್ಯವನ್ನು ನೆನಪಿಟ್ಟು ಸಕಾಲಕ್ಕೆ ಕರೆಯಬೇಕಾದುದು ಸಿ ಭಾಷೆಯಲ್ಲಿರುವ ಕೆಳಗಣ ಪದರ. ಆದುದರಿಂದ ಅದರ ಹೆಸರನ್ನು ಲುವಾದ ರಿಜಿಸ್ಟ್ರಿ ಎಂಬ ಪಟ್ಟಿಯಲ್ಲಿ ಬರೆದಿಡಲಾಗುತ್ತದೆ. ರಿಜಿಸ್ಟ್ರಿಯೆಂದರೆ ಪಾರುಪತ್ಯಗಾರನ ಮೇಜೇ. ಅಲ್ಲಿರುವುದು ಎಂದೂ ಕಸವಾಗದು. ಈಗ ಆ ಕಾರ್ಯದ ಒಡಲಿನೊಳಗೆ, ಮುಚ್ಚಬೇಕಾದ ಸಾಕೆಟ್ಟನ್ನೇ ಹೊರಗಿನ ಹೆಸರಿನಿಂದ ಉಲ್ಲೇಖಿಸಿದೆವೆನ್ನಿ. ಆಗ ರಿಜಿಸ್ಟ್ರಿಯ ಕೈಯಲ್ಲಿ ಕಾರ್ಯ, ಕಾರ್ಯದ ಕೈಯಲ್ಲಿ ಸಾಕೆಟ್. ರಿಜಿಸ್ಟ್ರಿಯ ನಮೂದನ್ನು ಅಳಿಸುವುದು ಯಾವಾಗ? ಸಾಕೆಟ್ಟು ಕಸವೆಂದು ತೀರ್ಮಾನವಾದಾಗ. ಸಾಕೆಟ್ಟು ಕಸವಾಗುವುದು ಯಾವಾಗ? ರಿಜಿಸ್ಟ್ರಿಯ ನಮೂದು ಅಳಿದಾಗ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಪರಿಹಾರವೂ ಸುಲಭವಾದುದೇ: ಕಾರ್ಯವನ್ನು ಕರೆಯುವಾಗ ದುಭಾಷಿಯೇ ಸಾಕೆಟ್ಟನ್ನು ಅದರ ಕೈಗೆ ಕೊಡುತ್ತದೆ, ಹಾಗೆ ಕೊಟ್ಟದ್ದನ್ನು ಉಪಯೋಗಿಸಿದರೆ ಹಿಡಿತದ ಗಂಟು ಬೀಳುವುದೇ ಇಲ್ಲ.

ಇದರ ಪರಿಣಾಮವೆಷ್ಟು? ಒಂದೊಂದು ಸಂಪರ್ಕಕ್ಕೂ ೨೦೦ ಬೈಟುಗಳು ಹೀಗೆ ಉಳಿದುಹೋಗುತ್ತವೆಂದು ಊಹಿಸೋಣ. ೪೦,೦೦೦ ಬೈಟುಗಳು ೨೦೦ ಸಂಪರ್ಕಗಳಿಗೆ ಮುಗಿಯುತ್ತವೆ. ನಿಮಿಷಕ್ಕೊಂದು ಸಂಪರ್ಕವಾದರೆ ಸಾಧನದ ಆಯುಸ್ಸು ೩ ಗಂಟೆ ೨೦ ನಿಮಿಷ. ಪ್ರಾಯೋಗಿಕ ಪರೀಕ್ಷೆಯ ಅವಧಿ ೩ ಗಂಟೆಯಾದರೆ ಈ ಕ್ರಮವಿಧಿಗೆ ಪೂರ್ಣ ಅಂಕಗಳು ದೊರೆಯುವುದರಲ್ಲಿ ಸಂದೇಹವಿಲ್ಲ! ಪರೀಕ್ಷಕರು ಮನೆಗೆ ಹೊರಟ ೨೦ ನಿಮಿಷಗಳ ಮೇಲೆ ಅದು ಸಾಯುತ್ತದೆ. ನಮ್ಮ ಶಿಕ್ಷಣಕ್ರಮದ ಕೊರತೆ ಇರುವುದು ಇಲ್ಲಿಯೇ. ಒಮ್ಮೆ ಓಡಿ, ಉತ್ತರವನ್ನು ತೋರಿಸಿ ಮುಗಿಯುವ ಕ್ರಮವಿಧಿಗಳನ್ನು ಬರೆಯಿಸುತ್ತೇವೆ. ತಿಂಗಳುಗಟ್ಟಲೆ ನಿಲ್ಲದೆ ಓಡಬೇಕಾದವುಗಳ ಧರ್ಮವನ್ನು ಕಲಿಸುವುದಿಲ್ಲ. ಹೊಲದ ಪಂಪನ್ನು ನಡೆಸುವ ಸಾಧನವಾಗಲಿ, ರೋಗಿಯ ಪಕ್ಕದಲ್ಲಿರುವ ಮಾಪಕವಾಗಲಿ, ಎರಡನೆಯ ವರ್ಗಕ್ಕೆ ಸೇರಿದವು.

ಸೋರಿಕೆಯನ್ನು ಹುಡುಕುವುದು ಹೇಗೆ? ಇಲ್ಲಿ ಭೌತವಿಜ್ಞಾನದ ವಿದ್ಯಾರ್ಥಿ ಇತರರಿಗಿಂತ ಭಾಗ್ಯವಂತ. ನಿರ್ವಾತ ಪಾತ್ರೆಯಲ್ಲಿ ರಂಧ್ರವುಂಟೆ ಎಂಬುದನ್ನು ಪರೀಕ್ಷಿಸುವ ಕ್ರಮ ಅವನಿಗೆ ತಿಳಿದದ್ದೇ. ಪಂಪಿನ ಕವಾಟವನ್ನು ಮುಚ್ಚಿ, ಒತ್ತಡವು ಕಾಲಕ್ರಮದಲ್ಲಿ ಹೇಗೆ ಏರುತ್ತದೆಂಬುದನ್ನು ಗುರುತಿಸುತ್ತೇವೆ. ಪಾತ್ರೆಯ ಗೋಡೆಗೆ ಅಂಟಿದ್ದ ಅನಿಲಗಳು ಬಿಡುಗಡೆಯಾಗುತ್ತಿದ್ದರೆ ರೇಖೆ ಮೊದಲು ಏರಿ ಬರಬರುತ್ತ ಬಾಗಿ ಚಪ್ಪಟೆಯಾಗುತ್ತದೆ; ನಿಜವಾದ ರಂಧ್ರವಿದ್ದರೆ ಅದು ನೇರವಾಗಿ ಏರುತ್ತಲೇ ಹೋಗುತ್ತದೆ. ದುಭಾಷಿಯ ಸ್ಮೃತಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಪ್ರಾರಂಭದಲ್ಲಿ ಬೇಕಾದ ಪಟ್ಟಿಗಳೂ ಪದಗಳೂ ತುಂಬಿಕೊಳ್ಳುವಾಗ ಬಳಕೆ ಏರುವುದು ಸಹಜ. ಅದು ಸ್ವಲ್ಪ ಕಾಲದಲ್ಲಿ ಸಮವಾಗಬೇಕು. ಸಮವಾಗದೆ ಒಂದೇ ಇಳಿಜಾರಿನಲ್ಲಿ ಏರುತ್ತಿದ್ದರೆ ಸೋರಿಕೆಯನ್ನು ಶಂಕಿಸತಕ್ಕದ್ದು.

ಅಳತೆಯಲ್ಲಿ ಒಂದು ಎಚ್ಚರ ಅಗತ್ಯ. ಕಸವು ಕೂಡುತ್ತ, ಗುಡಿಸಿದಾಗ ಇಳಿಯುತ್ತ ಇರುವುದರಿಂದ ಸ್ಮೃತಿಬಳಕೆಯ ರೇಖೆ ಗರಗಸದ ಹಲ್ಲುಗಳಂತೆ ಇರುತ್ತದೆ. ಶಿಖರಗಳನ್ನು ನೋಡಿ ಗಾಬರಿಗೊಳ್ಳಬೇಕಾದುದಿಲ್ಲ. ತಗ್ಗುಗಳನ್ನು ಮಾತ್ರ ಸೇರಿಸಿ ಒಂದು ಗೆರೆ ಎಳೆಯಬೇಕು. ಇದಕ್ಕಾಗಿ ಪ್ರತಿ ಅಳತೆಗೆ ಮುಂಚೆ ಪೂರ್ತಿಯಾಗಿ ಕಸ ಗುಡಿಸುವಂತೆ ಲುವಾಕ್ಕೆ ಆಜ್ಞಾಪಿಸಬಹುದು. ಈ ಆಜ್ಞೆಯನ್ನು ಎರಡು ಸಲ ಕೊಡುವುದು ಮೇಲು. ಏಕೆಂದರೆ ಅಂತ್ಯಕ್ರಿಯೆಯ ಕಾರ್ಯವೊಂದನ್ನು ಉಳ್ಳ ವಸ್ತುಗಳು ಮೊದಲ ಸಲ ಆ ಕ್ರಿಯೆಯನ್ನು ಮುಗಿಸಿಕೊಂಡು, ಎರಡನೆಯ ಸಲ ಜಾಗವನ್ನು ತೆರವು ಮಾಡುತ್ತವೆ. ಬಳಿಕ ಒಂದೊಂದೇ ಕಾರಣವನ್ನು ಬದಲಿಸಿ ನೋಡಬೇಕು. ಸಂಪರ್ಕಗಳನ್ನು ನಿಮಿಷಕ್ಕೆ ಒಂದರಿಂದ ಹತ್ತಕ್ಕೆ ಏರಿಸಿದರೆ ಇಳಿಜಾರೂ ಹತ್ತರಷ್ಟಾಗುವುದೆ? ಆದರೆ ಸೋರಿಕೆ ಸಂಪರ್ಕಕ್ಕೆ ಸೇರಿದುದು. ಇಳಿಜಾರು ಬದಲಾಗದಿದ್ದರೆ ಕಾಲಮಾಪಕದಂತಹ ಬೇರಾವುದೋ ಭಾಗವನ್ನು ಶೋಧಿಸಬೇಕು. ಇಳಿಜಾರನ್ನು ಸಂಪರ್ಕಗಳ ಸಂಖ್ಯೆಯಿಂದ ಭಾಗಿಸಿದರೆ ಸಂಪರ್ಕವೊಂದಕ್ಕೆ ಎಷ್ಟು ಬೈಟುಗಳೆಂಬುದು ದೊರೆಯುತ್ತದೆ. ಆ ಸಂಖ್ಯೆಯೇ ಕಳೆದ ವಸ್ತುವಿನ ಗಾತ್ರವನ್ನು ಸೂಚಿಸುತ್ತದೆ.

ಮುಂದಿನದು ಲೆಕ್ಕಪತ್ರದ ತಾಳೆ. ದುಭಾಷಿಯು ತಾನು ಎಷ್ಟು ಸ್ಮೃತಿಯನ್ನು ಹಿಡಿದಿದೆಯೆಂದು ತಾನೇ ಹೇಳುತ್ತದೆ. ಸಾಧನವು ಒಟ್ಟಿನಲ್ಲಿ ಎಷ್ಟು ಬಿಡುವಿದೆಯೆಂದು ಬೇರೆಯಾಗಿ ಹೇಳುತ್ತದೆ. ದುಭಾಷಿಯ ಲೆಕ್ಕ ಸಮವಾಗಿದ್ದು ಒಟ್ಟು ಬಿಡುವು ಮಾತ್ರ ಕುಗ್ಗುತ್ತಿದ್ದರೆ ತಪ್ಪು ಸಿ ಪದರದಲ್ಲಿದೆ. ಎರಡೂ ಜೊತೆಯಾಗಿ ಕೆಡುತ್ತಿದ್ದರೆ ಲುವಾದೊಳಗೇ ಯಾರೋ ಬೀಗದ ಕೈಯನ್ನು ಹಿಡಿದಿದ್ದಾರೆ. ಇಲ್ಲಿ ಲುವಾದ ರಚನೆಯಲ್ಲಿ ಒಂದು ಸೌಲಭ್ಯವುಂಟು. ಸ್ಮೃತಿಯನ್ನು ಬೇಡುವುದು, ಹಿಂದಿರುಗಿಸುವುದು ಎರಡೂ ಒಂದೇ ಬಾಗಿಲಿನಿಂದ, ಎಂದರೆ ಆತಿಥೇಯ ತಂತ್ರಾಂಶ ಒದಗಿಸಿದ ಒಂದೇ ಕಾರ್ಯದ ಮೂಲಕ ನಡೆಯುತ್ತವೆ. ಪ್ರತಿಸಲವೂ ಹಳೆಯ ಗಾತ್ರ, ಹೊಸ ಗಾತ್ರಗಳೆರಡೂ ಅದಕ್ಕೆ ತಿಳಿಯುತ್ತವೆ. ಆ ಬಾಗಿಲಿನಲ್ಲಿ ಒಬ್ಬ ಕರಣಿಕನನ್ನು ಕೂರಿಸಿದರೆ ಹೋದದ್ದೆಷ್ಟು, ಬಂದದ್ದೆಷ್ಟು ಎಂಬ ಪೂರ್ಣ ಲೆಕ್ಕ ಸಿಗುತ್ತದೆ. ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ, ಈ ವಸ್ತುವನ್ನು ಹಿಡಿದಿರುವವರು ಯಾರು? ರಿಜಿಸ್ಟ್ರಿಯಿಂದ ಹೊರಟು ಪಟ್ಟಿಯಿಂದ ಪಟ್ಟಿಗೆ ನಡೆದು ಆ ಕೈಯನ್ನು ಗುರುತಿಸಬೇಕು. ಗಂಟನ್ನು ಬಿಡಿಸಿದ ಮೇಲೆ ಅದೇ ಪ್ರಯೋಗವನ್ನು ಅದೇ ಹೊರೆಯಲ್ಲಿ ಮತ್ತೆ ನಡೆಸಿ ತಗ್ಗುಗಳ ಗೆರೆ ಸಮವಾಯಿತೆಂದು ಕಂಡ ಹೊರತು ಕೆಲಸ ಮುಗಿಯಿತೆನ್ನಕೂಡದು.

ಇಷ್ಟೆಲ್ಲ ಶ್ರಮವೇಕೆ, ಪ್ರತಿರಾತ್ರಿ ಸಾಧನವು ತಾನಾಗಿಯೇ ಮರುಚಾಲನೆಗೊಳ್ಳುವಂತೆ ಏರ್ಪಡಿಸಿದರೆ ಸಾಲದೆ ಎಂದು ಕೆಲವರು ಕೇಳುವುದುಂಟು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಿಮಾನಗಳಲ್ಲಿಯೂ ಇಂಥ ಏರ್ಪಾಡು ಇದ್ದುದುಂಟು. ಬೋಯಿಂಗ್ ೭೮೭ ವಿಮಾನದ ವಿದ್ಯುಜ್ಜನಕಗಳ ನಿಯಂತ್ರಕಗಳು ೨೪೮ ದಿನ ಎಡೆಬಿಡದೆ ಚಾಲೂ ಇದ್ದರೆ ಅವುಗಳೊಳಗಿನ ಎಣಿಕೆ ತುಂಬಿ ಹರಿದು ವಿದ್ಯುತ್ತು ನಿಂತುಹೋಗಬಹುದೆಂದು ಕಂಡುಬಂದಾಗ, ೨೦೧೫ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರವು ಆ ಅವಧಿಗೆ ಮುಂಚೆಯೇ ಅವುಗಳನ್ನು ಆರಿಸಿ ಹೊತ್ತಿಸಬೇಕೆಂದು ಆಜ್ಞೆ ಹೊರಡಿಸಿತು. ಇದು ಸ್ಮೃತಿಸೋರಿಕೆಯಲ್ಲ, ಎಣಿಕೆಯ ಮಿತಿ. ೨ರ ೩೧ನೆಯ ಘಾತವನ್ನು ಸೆಕೆಂಡಿನ ನೂರನೆಯ ಭಾಗಗಳೆಂದು ಎಣಿಸಿದರೆ ಸರಿಸುಮಾರು ೨೪೮ ದಿನಗಳೇ ಆಗುತ್ತವೆಂಬುದನ್ನು ವಾಚಕರು ಗುಣಿಸಿ ನೋಡಬಹುದು. ಆದರೆ ಇಲ್ಲಿ ಗಮನಿಸಬೇಕಾದ ಅಂಶ ಬೇರೆ. ೨೪೮ ಎಂಬ ಸಂಖ್ಯೆಯನ್ನು ಹೇಳಲು ಸಾಧ್ಯವಾದುದು ಕಾರಣವು ಪತ್ತೆಯಾದುದರಿಂದ. ಕಾರಣವನ್ನು ಬಲ್ಲವನು ಯಾವಾಗ ಮರುಚಾಲನೆ ಮಾಡಬೇಕೆಂದು ಮುಂದಾಗಿ ಹೇಳಬಲ್ಲನು. ಅರಿಯದವನು ಅನಾಹುತವಾದ ಮೇಲೆ ಮಾಡುತ್ತಾನೆ. ಪ್ರಥಮ ಚಿಕಿತ್ಸೆಯಾಗಿ ಮರುಚಾಲನೆಗೆ ಸ್ಥಾನವುಂಟು. ರೋಗನಿದಾನದ ಬದಲಿಗೆ ಇಲ್ಲ.

ನಿದಾನವಿಲ್ಲದೆ ಉಳಿದ ಸೋರಿಕೆ ಏನು ಮಾಡಬಲ್ಲದೆಂಬುದಕ್ಕೆ ೨೦೧೨ರ ಅಕ್ಟೋಬರ್ ೨೨ರಂದು ಅಮೆಜಾನ್ ಸಂಸ್ಥೆಯ ಉತ್ತರ ವರ್ಜೀನಿಯದ ಗಣಕಕೇಂದ್ರಗಳಲ್ಲಿ ನಡೆದುದೇ ಸಾಕ್ಷಿ. ಸಂಗ್ರಹಗಣಕಗಳಿಂದ ಮಾಹಿತಿಯನ್ನು ಕೂಡಿಸುತ್ತಿದ್ದ ಒಂದು ಯಂತ್ರ ಕೆಟ್ಟಿತು. ಅದರ ಬದಲಿಗೆ ಬೇರೊಂದನ್ನು ಇಟ್ಟರು. ಹೊಸ ಯಂತ್ರದ ವಿಳಾಸವು ಕೆಲವು ಗಣಕಗಳಿಗೆ ತಲಪಲಿಲ್ಲ. ಅವುಗಳಲ್ಲಿದ್ದ ವರದಿಗಾರ ಕ್ರಮವಿಧಿ ಹಳೆಯ ವಿಳಾಸವನ್ನೇ ಮತ್ತೆ ಮತ್ತೆ ಸಂಪರ್ಕಿಸಲು ಯತ್ನಿಸಿತು. ಅದರಲ್ಲಿ ಅಡಗಿದ್ದ ಸೋರಿಕೆಯಿಂದ ಸ್ಮೃತಿ ಮೆಲ್ಲಮೆಲ್ಲನೆ ಕರಗಿ, ಕೊನೆಗೆ ಸಂಗ್ರಹಗಣಕಗಳು ತಮ್ಮ ಮುಖ್ಯ ಕೆಲಸವನ್ನೇ ಮಾಡಲಾರದೆ ಹೋದವು. ಅವುಗಳನ್ನು ನೆಚ್ಚಿದ್ದ ಅನೇಕ ಜಾಲತಾಣಗಳು ಗಂಟೆಗಟ್ಟಲೆ ನಿಂತವು. ಆ ವರದಿಗಾರನು ಕೂಡಿಸುತ್ತಿದ್ದ ಮಾಹಿತಿ ಅತ್ಯಾವಶ್ಯಕವಾದುದೇನೂ ಅಲ್ಲ. ಅದು ಕೆಲಕಾಲ ಬಾರದಿದ್ದರೂ ನಡೆಯುವಂತೆಯೇ ಏರ್ಪಾಡಿತ್ತು. ಸಹಜ ಸ್ಥಿತಿಯಲ್ಲಿ ನಿರಪಾಯವಾಗಿದ್ದ ಸೋರಿಕೆ, ಸ್ಥಿತಿ ಬದಲಾದೊಡನೆ ಪ್ರಬಲವಾಯಿತು. ಇಷ್ಟು ದಿನ ಏನೂ ಆಗಲಿಲ್ಲ ಎಂಬುದು ಸೋರಿಕೆಯ ವಿಷಯದಲ್ಲಿ ಪ್ರಮಾಣವಾಗಲಾರದು.

ಆದುದರಿಂದ ನನ್ನ ಸೂಚನೆ ಇಷ್ಟು. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗೆ ಹೆಸರು ಹೇಳದೆ ಒಂದು ಲವಣವನ್ನು ಕೊಟ್ಟು, ಅದರ ಘಟಕಗಳನ್ನು ಕಂಡುಹಿಡಿಯೆನ್ನುತ್ತೇವೆ. ಹಾಗೆಯೇ ಬೇಕೆಂದು ಒಂದು ಸೋರಿಕೆಯನ್ನು ಅಡಗಿಸಿಟ್ಟ ಲುವಾ ಕ್ರಮವಿಧಿಯನ್ನು ಕೊಟ್ಟು, ಸಂಪರ್ಕವೊಂದಕ್ಕೆ ಎಷ್ಟು ಬೈಟುಗಳು ಹೋಗುತ್ತವೆ, ಹಿಡಿದಿರುವ ಕೈ ಯಾವುದು, ಬಿಡಿಸಿದ ಮೇಲಿನ ಗೆರೆ ಹೇಗಿದೆ ಎಂಬ ಮೂರು ಪ್ರಶ್ನೆಗಳಿಗೆ ರೇಖಾಚಿತ್ರದೊಡನೆ ಉತ್ತರ ಬರೆಯಿಸಬೇಕು. ಸಾಧನವನ್ನು ಕಟ್ಟಿ ತರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ೨೪ ಗಂಟೆಗಳ ತಗ್ಗುಗಳ ರೇಖೆಯನ್ನು ಜೊತೆಗೆ ಒಪ್ಪಿಸಬೇಕು. ಆ ರೇಖೆಗೂ ಅಂಕಗಳಿರಬೇಕು. ಇದಕ್ಕೆ ಹೊಸ ಕಟ್ಟಡವಾಗಲಿ ದುಬಾರಿ ಉಪಕರಣವಾಗಲಿ ಬೇಕಾಗಿಲ್ಲ. ಒಂದು ಸಣ್ಣ ಚಿಪ್ಪು, ಒಂದು ಗ್ರಾಫ್ ಹಾಳೆ, ಒಂದು ದಿನದ ತಾಳ್ಮೆ ಸಾಕು. ಕಾಲೇಜು ಇದನ್ನು ಏರ್ಪಡಿಸುವವರೆಗೆ ವಿದ್ಯಾರ್ಥಿಗಳು ಕಾಯಬೇಕಾದ ಅವಶ್ಯಕತೆಯೂ ಇಲ್ಲ. ಮುಂದಿನ ಸಲ ತಾವು ಕಟ್ಟಿದ ಸಾಧನ ಕಾರಣವಿಲ್ಲದೆ ನಿಂತಾಗ ಗುಂಡಿಯನ್ನೊತ್ತುವ ಮೊದಲು ಅದರ ಬಿಡುವಿನ ಸ್ಮೃತಿ ಎಷ್ಟಿತ್ತೆಂಬುದನ್ನು ಬರೆದಿಟ್ಟುಕೊಳ್ಳಲಿ. ಶೋಧನೆಯ ಮೊದಲ ಬಿಂದು ಅದೇ.